ಅಲ್ಲಿಯ ಚಿರತೆ, ಇಲ್ಲಿಯ ಚಿರತೆ

ಕೊಬ್ಬರಿಗೆ ಬೆಲೆ ಬಂದ ವರ್ಷ ನಮ್ಮ ಸೀಮೆಯ ಮನೆಗಳಲ್ಲಿ ಆಸೆಗಳ ಪಟ್ಟಿ ಉದ್ದವಾಗುತ್ತದೆ. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 20 ಸಾವಿರ ದಾಟಿದ ಮೇಲೆ ಹೊಸ ಬೋರು, ಮಗಳಿಗೊಂದು ಸೈಟು, ಮನೆಯ ಮೇಲೊಂದು ಅಂತಸ್ತು ಎಂಬ ಹಳೆಯ ಪಟ್ಟಿಗೆ ಹೊರದೇಶದ ಪ್ರವಾಸವೂ ಸೇರಿಕೊಂಡಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಕೀನ್ಯಾ, ತಾಂಜಾನಿಯಾಗಳಿಗೆ ಸಫಾರಿ ಹೋಗಿಬರುವುದು ಮಾಯಸಂದ್ರದಂಥ ಹೋಬಳಿ ಊರಿನಲ್ಲೂ ಈಗ ಕಂಡುಕೇಳದ ಸಂಗತಿಯೇನಲ್ಲ. ಇಲ್ಲಿಯ ಒಂದು ಬೀಗರೂಟದಲ್ಲಿ ಹಾಗೆ ಹೋಗಿಬಂದವರು ಫೋನಿನಲ್ಲಿ ಚಿತ್ರ ತೋರಿಸುತ್ತಿದ್ದರು: ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಮಲಗಿದ ಚಿರತೆ. ಅದೇ ಪಂಕ್ತಿಯಲ್ಲಿ ಇನ್ನೊಬ್ಬರು ತಮ್ಮ ತೋಟದಲ್ಲಿ ಬೋನು ಇಡಿಸಲು ಅರ್ಜಿ ಎಲ್ಲಿ ಕೊಡಬೇಕೆಂದು ವಿಚಾರಿಸುತ್ತಿದ್ದರು. ಎರಡು ಮಾತಿಗೂ ಸೇತುವೆ ಕಟ್ಟುವಂತೆ ಒಬ್ಬ ಹಿರಿಯರು ಹೇಳಿದರು: “ಪ್ರಾಣಿ ನೋಡ್ಬೇಕು ಅಂದ್ರೆ ಆಫ್ರಿಕಾಕ್ಕೇ ಹೋಗ್ಬೇಕು ಕಣ್ರಪ್ಪ. ಅಲ್ಲಿರೋವು ಕಾಡುಪ್ರಾಣಿ. ಇಲ್ಲಿರೋದು ಬರೀ ಕಾಟ.” ಸುತ್ತ ಕೂತವರೆಲ್ಲ ತಲೆದೂಗಿದರು. ನಾನು ತಲೆದೂಗಲಿಲ್ಲ. ಯಾಕೆಂದು ಅಲ್ಲಿ ವಿವರಿಸಲು ಆಗಲಿಲ್ಲವಾದ್ದರಿಂದ ಇಲ್ಲಿ ವಿವರಿಸುತ್ತಿದ್ದೇನೆ.

ಆ ಮಾತನ್ನು ಒಡೆದು ನೋಡುವ ಮೊದಲು ಅದರ ಪರವಾಗಿ ಹೇಳಬಹುದಾದ್ದನ್ನೆಲ್ಲ ಹೇಳುವುದು ನ್ಯಾಯ. ಅದರಲ್ಲಿ ನಾಲ್ಕು ನಂಬಿಕೆಗಳು ಒಟ್ಟಿಗೆ ಹೆಣೆದುಕೊಂಡಿವೆ. ಆಫ್ರಿಕಾದಲ್ಲಿ ಮನುಷ್ಯರ ಗೊಡವೆಯಿಲ್ಲದ, ಅಪ್ಪಟ ಕಾಡು ಉಳಿದಿದೆ ಎಂಬುದು ಮೊದಲನೆಯದು. ನಮ್ಮ ಸೀಮೆ ತೆಂಗು, ರಾಗಿ, ಕೆರೆ, ರಸ್ತೆಗಳ ನಾಡು. ಇಲ್ಲಿ ಪ್ರಾಣಿ ಕಂಡರೆ ಅದು ದಾರಿ ತಪ್ಪಿ ಬಂದದ್ದು ಎಂಬುದು ಎರಡನೆಯದು. ಮಕ್ಕಳಿಗೆ ಸಿಂಹ, ಆನೆಗಳನ್ನು ಕಣ್ಣಾರೆ ತೋರಿಸಿದರೆ ಅವರಲ್ಲಿ ಪ್ರಾಣಿಪ್ರೀತಿ ಬೆಳೆಯುತ್ತದೆ ಎಂಬುದು ಮೂರನೆಯದು. ನಾವು ಕೊಟ್ಟ ದುಡ್ಡು ಆ ಪ್ರಾಣಿಗಳನ್ನು ಉಳಿಸುತ್ತದೆ, ಹಾಗಾಗಿ ಪ್ರವಾಸವೂ ಒಂದು ಸೇವೆಯೇ ಎಂಬುದು ನಾಲ್ಕನೆಯದು. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವೊಂದೇ 14,700 ಚದರ ಕಿಲೋಮೀಟರಿಗೂ ದೊಡ್ಡದು. ಹತ್ತು ತಾಲ್ಲೂಕಿನ ನಮ್ಮ ತುಮಕೂರು ಜಿಲ್ಲೆ 10,600ರ ಆಸುಪಾಸು. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು ಮಳೆಯ ಹಿಂದೆ, ಹುಲ್ಲಿನ ಹಿಂದೆ ವರ್ಷವಿಡೀ ಸುತ್ತು ಹಾಕುತ್ತ ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿ ದಾಟುವ ನೋಟಕ್ಕೆ ನಮ್ಮಲ್ಲಿ ಸಾಟಿಯಿಲ್ಲ. ಅದನ್ನು ನೋಡಲೆಂದು ಮನೆಮಂದಿ ಎಲ್ಲ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು, ಹತ್ತು ದಿನ ಕಾದು, ಮಸಾಯಿ ಮಾರಾದ ಬಾಗಿಲಲ್ಲಿ ಜುಲೈಯಿಂದಾಚೆಯ ದಿನಗಳಲ್ಲಿ ದೊಡ್ಡವರ ತಲೆಗೆ ದಿನಕ್ಕೆ 200 ಡಾಲರ್ ಕಟ್ಟಿ ಒಳಹೋಗುವುದು ದುಂದುಗಾರಿಕೆ ಎಂದು ನಾನು ಹೇಳುವುದಿಲ್ಲ. ದುಡಿದ ದುಡ್ಡು ಅವರದು, ನೋಡಬೇಕೆಂಬ ಆಸೆ ಒಳ್ಳೆಯದು. ನನ್ನ ತಕರಾರು ಪ್ರವಾಸದ ಮೇಲಿಲ್ಲ, ಪ್ರವಾಸದಿಂದ ಹೊತ್ತು ತರುವ ತೀರ್ಮಾನದ ಮೇಲೆ.

ಮೊದಲ ನಂಬಿಕೆಯಿಂದ ಶುರುಮಾಡೋಣ. ಸೆರೆಂಗೆಟಿಯ ಬಯಲಿನಲ್ಲಿ ಮನುಷ್ಯರು ಕಾಣದಿರುವುದಕ್ಕೆ ಕಾರಣ ಅಲ್ಲಿ ಮನುಷ್ಯರು ಎಂದೂ ಇರಲಿಲ್ಲವೆಂದಲ್ಲ. ದನ ಮೇಯಿಸಿಕೊಂಡಿದ್ದ ಮಸಾಯಿಗಳನ್ನು 1959ರಲ್ಲಿ, ಬ್ರಿಟಿಷರ ಆಡಳಿತ ಮುಗಿಯುವ ಹೊತ್ತಿನಲ್ಲಿ, ಅಲ್ಲಿಂದ ಎಬ್ಬಿಸಿ ಪಕ್ಕದ ಗೊರೊಂಗೊರೊ ಪ್ರದೇಶಕ್ಕೆ ಕಳಿಸಲಾಯಿತು. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ಉತ್ತರ ತುದಿಯಿಂದ ಮಕುಲೆಕೆ ಜನರನ್ನು 1969ರಲ್ಲಿ ಹೊರಹಾಕಿದರು. ವರ್ಣಭೇದದ ಆಡಳಿತ ಹೋದ ಮೇಲೆ, 1998ರಲ್ಲಿ, ಅವರಿಗೆ ಆ ನೆಲದ ಹಕ್ಕು ಮರಳಿ ಸಿಕ್ಕಿತು. ಅವರು ಅದನ್ನು ಉಳುಮೆಗೆ ಒಡೆಯದೆ ಕಾಡಾಗಿಯೇ ಉಳಿಸಿಕೊಂಡು ಅದರಿಂದಲೇ ಆದಾಯ ಮಾಡಿಕೊಳ್ಳುತ್ತಿದ್ದಾರೆ. ಇದು ದೂರದ ಕತೆಯೂ ಅಲ್ಲ. ನಾಗರಹೊಳೆಯ ಒಳಗಿನ ಹಾಡಿಗಳಿಂದ ಜೇನುಕುರುಬರನ್ನು ಹೊರಗೆ ತಂದದ್ದು, ಅವರಲ್ಲಿ ಕೆಲವರು ಹಕ್ಕುಪತ್ರ ಕೇಳಿ ಮತ್ತೆ ಒಳಗೆ ಹೋಗಿ ಕೂತದ್ದು ನಮ್ಮದೇ ರಾಜ್ಯದಲ್ಲಿ ನಡೆದದ್ದು. ಸಫಾರಿ ಜೀಪಿನಿಂದ ಕಾಣುವ ನಿರ್ಜನತೆಯನ್ನು ಪ್ರಕೃತಿ ಮಾಡಿಲ್ಲ, ಆಡಳಿತ ಮಾಡಿದೆ. ಇನ್ನೂ ಮುಖ್ಯವಾದ ಮಾತೆಂದರೆ ಕೀನ್ಯಾದ ವನ್ಯಪ್ರಾಣಿಗಳಲ್ಲಿ ಸುಮಾರು ಮೂರನೇ ಎರಡು ಪಾಲು ಇರುವುದು ಉದ್ಯಾನಗಳ ಹೊರಗೆ, ಜನ ದನ ಮೇಯಿಸುವ ನೆಲದಲ್ಲಿ. ಮಸಾಯಿ ಮಾರಾ ಮೀಸಲು ಪ್ರದೇಶ ಸುಮಾರು 1,500 ಚದರ ಕಿಲೋಮೀಟರ್ ಮಾತ್ರ. ಅದರ ಗಡಿಯಲ್ಲಿ ಬೇಲಿಯಿಲ್ಲ. ಬೆಳಿಗ್ಗೆ ಪ್ರವಾಸಿ ಕಂಡ ಸಿಂಹ ರಾತ್ರಿ ಯಾರದೋ ದನದ ದೊಡ್ಡಿಯ ಸುತ್ತ ಸುಳಿಯುತ್ತಿರಬಹುದು. ಆ ದೊಡ್ಡಿಯ ಯಜಮಾನನಿಗೂ ಮಾಯಸಂದ್ರದ ತೋಟದ ಮನೆಯಲ್ಲಿ ನಾಯಿ ಬೊಗಳಿದಾಗ ಎದ್ದು ಕೂರುವವನಿಗೂ ಇರುವ ಚಿಂತೆ ಒಂದೇ. ಸಫಾರಿಯ ವೇಳಾಪಟ್ಟಿಯಲ್ಲಿ ಅವನ ಮನೆಗೆ ಜಾಗವಿರುವುದಿಲ್ಲ. ಆದ್ದರಿಂದ ನೋಡಿ ಬಂದವರಿಗೆ ಅಲ್ಲಿ ಪ್ರಾಣಿಗಳು ಮಾತ್ರ ಇವೆ, ಇಲ್ಲಿ ಮನುಷ್ಯರು ಮಾತ್ರ ಇದ್ದೇವೆ ಎಂಬ ಭಾವನೆ ಮೂಡುತ್ತದೆ.

ಎರಡನೆಯ ನಂಬಿಕೆ ನಮ್ಮ ಭಾಷೆಯಲ್ಲೇ ಅಡಗಿ ಕೂತಿದೆ. ಅದನ್ನು ಬಿಡಿಸಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ತುರುವೇಕೆರೆ, ಗುಬ್ಬಿ, ಕುಣಿಗಲ್ ಕಡೆಯ ಸುದ್ದಿಗಳನ್ನು ಗಮನಿಸಿ: ಚಿರತೆ ಊರಿಗೆ ‘ನುಗ್ಗುತ್ತದೆ’, ತೋಟದಲ್ಲಿ ‘ಪ್ರತ್ಯಕ್ಷ’ವಾಗುತ್ತದೆ, ‘ನಾಡಿಗೆ ಬರುತ್ತದೆ’, ಕೊನೆಗೆ ಬೋನಿಗೆ ‘ಬಿದ್ದು’ ಜನ ‘ನಿಟ್ಟುಸಿರು’ ಬಿಡುತ್ತಾರೆ. ‘ಬಂತು’ ಎಂದ ಕೂಡಲೇ ಅದು ಬೇರೆ ಎಲ್ಲಿಂದಲೋ ಬಂತು ಎಂದಾಯಿತು. ಎಲ್ಲಿಂದಲೋ ಬಂದದ್ದನ್ನು ಅಲ್ಲಿಗೇ ಕಳಿಸುವುದು ಸಹಜ ಎಂದೂ ಆಯಿತು. ಒಂದು ಕ್ರಿಯಾಪದ ಹೀಗೆ ಒಂದು ಇಡೀ ನೀತಿಯನ್ನು ಒಳಗೆ ಇಟ್ಟುಕೊಂಡಿದೆ. ಆದರೆ ಮಾಯಸಂದ್ರದ ಸುತ್ತ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ದೊಡ್ಡ ಕಾಡು ಯಾವುದಿದೆ? ಇರುವುದು ಬಂಡೆಗುಡ್ಡ, ಅಲ್ಲಲ್ಲಿ ಗೋಮಾಳ, ಜಾಲಿ ತುಂಬಿದ ಕೆರೆಯಂಗಳ, ನಾಲೆಯ ಏರಿ, ಉಳುಮೆ ಕಾಣದೆ ಲಂಟಾನ ಹಬ್ಬಿದ ತೋಟ. ಕಬ್ಬಿನ ಗದ್ದೆಗಳಷ್ಟೇ ಇರುವ ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಕ್ಯಾಮೆರಾ ಇಟ್ಟು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ 100 ಚದರ ಕಿಲೋಮೀಟರಿಗೆ ಐದರ ಹತ್ತಿರ ಚಿರತೆಗಳಿದ್ದವು. ಅವು ಅಲ್ಲೇ ಮರಿ ಹಾಕಿ ಬೆಳೆಸುತ್ತಿದ್ದವು. ಅವುಗಳ ಆಹಾರದಲ್ಲಿ ಅತಿ ದೊಡ್ಡ ಪಾಲು ನಾಯಿಗಳದ್ದಾಗಿತ್ತು. ಅಂಥ ಚಿರತೆಗೆ ಬರಲು ಬೇರೆ ಕಾಡಿರಲಿಲ್ಲ. ನಮ್ಮ ಸೀಮೆಯ ಚಿರತೆಯದೂ ಇದೇ ಜಾಯಮಾನ. ತೋಟದ ಮೂಲೆಯ ಪೊದೆಯಲ್ಲಿ ಕಣ್ಣು ಬಿಡದ ಮರಿಗಳು ಸಿಕ್ಕವೆಂದರೆ ಅವು ಆ ಸರ್ವೆ ನಂಬರಿನಲ್ಲೇ ಹುಟ್ಟಿದವು. ಅವು ಎಲ್ಲಿಂದ ‘ಬಂದವು’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಯಾಕೆಂದರೆ ಪ್ರಶ್ನೆಯೇ ತಪ್ಪು. ಇನ್ನೂ ಒಂದು ಸಂಗತಿ ಇದೆ. ದೇಶದ ಚಿರತೆಗಳ ಅಧಿಕೃತ ಅಂದಾಜು 2024ರಲ್ಲಿ ಹೊರಬಂದಾಗ ಒಟ್ಟು 13,874, ಅದರಲ್ಲಿ ಕರ್ನಾಟಕದ್ದು 1,879 ಎಂದಿತ್ತು. ಆ ಎಣಿಕೆ ಮುಖ್ಯವಾಗಿ ನಡೆದದ್ದು ಹುಲಿ ಇರುವ ಕಾಡುಗಳಲ್ಲಿ. ಹೊಲ ತೋಟಗಳ ಚಿರತೆ ಅದರಲ್ಲಿ ಸರಿಯಾಗಿ ಸೇರುವುದೇ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ. ಲೆಕ್ಕದಲ್ಲಿ ಮಾತ್ರ ಅದಕ್ಕೊಂದು ಊರಿಲ್ಲ.

ಈ ಮಾತಿಗೆ ಚೀತಾದ ಕತೆಯನ್ನೂ ಸೇರಿಸಬೇಕು. ಚೀತಾ ಎಂದರೆ ಆಫ್ರಿಕಾ ಎಂದು ಮಕ್ಕಳು ಕಲಿಯುತ್ತಿದ್ದಾರೆ. ಆದರೆ ಆ ಹೆಸರೇ ನಮ್ಮ ದೇಶದ್ದು. ಚುಕ್ಕೆಯುಳ್ಳದ್ದು ಎಂಬ ಅರ್ಥದ ಸಂಸ್ಕೃತ ಪದದಿಂದ ಹಿಂದಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಳಿ ಬೇಟೆಗೆ ಪಳಗಿಸಿದ ಚೀತಾಗಳಿದ್ದವು. ಅವು ಬೆನ್ನಟ್ಟುತ್ತಿದ್ದದ್ದು ಕೃಷ್ಣಮೃಗಗಳನ್ನು, ಓಡುತ್ತಿದ್ದದ್ದು ಹುಲ್ಲುಗಾವಲಿನಲ್ಲಿ. 1952ರಲ್ಲಿ ಅದು ದೇಶದಿಂದ ಅಳಿದಿದೆ ಎಂದು ಸರ್ಕಾರ ಘೋಷಿಸಿತು. ಎಪ್ಪತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರ್ 17ರಂದು, ನಮೀಬಿಯಾದಿಂದ ಎಂಟನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋದಲ್ಲಿ ಬಿಟ್ಟೆವು. ಆಫ್ರಿಕಾಕ್ಕೆ ಹೋದವರು ಬೆರಗಿನಿಂದ ನೋಡುವ ಆ ಬಯಲು ನಿಜವಾಗಿ ಏನು? ಅದು ನಾವು ಕಾಡೆಂದು ಕರೆಯುವ ಮರಗಳ ದಟ್ಟಣೆಯಲ್ಲ. ಅದು ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಜಾತಿಯ ಮರ. ಅಂಥದೇ ನೆಲ ನಮ್ಮಲ್ಲೂ ಇತ್ತು, ಈಗಲೂ ಚೂರುಚೂರಾಗಿ ಇದೆ. ಅದಕ್ಕೆ ನಮ್ಮ ಹೆಸರು ಕಾವಲು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಈ ಹುಲ್ಲುಗಾವಲುಗಳು ಒಂದು ಕಾಲಕ್ಕೆ ಹಳೇ ಮೈಸೂರಿನಲ್ಲಿ ಲಕ್ಷಗಟ್ಟಲೆ ಎಕರೆ ಇದ್ದವು. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಇಂದಿಗೂ ಅಮೃತಮಹಲ್ ತಳಿ ಕೇಂದ್ರವಿದೆ. ದನ ಮೇಯುವ ಈ ಬಯಲುಗಳಲ್ಲೇ ಕೃಷ್ಣಮೃಗ, ತೋಳ, ನರಿ, ಮೊಲ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಬದುಕುತ್ತಿದ್ದವು. ಮರವಿಲ್ಲದ ನೆಲ ಬರಡು ಎಂಬ ತಿಳಿವಳಿಕೆ ಬಂದ ಮೇಲೆ ಅವನ್ನು ಬೀಳು ಎಂದೆವು, ಕಾಗದದಲ್ಲಿ ಖರಾಬು ಎಂದು ಬರೆದೆವು, ನೀಲಗಿರಿ ಅಕೇಶಿಯ ನೆಟ್ಟು ಹಸಿರು ಮಾಡಿದೆವು, ಉಳಿದದ್ದನ್ನು ಹಂಚಿದೆವು. ಚಳ್ಳಕೆರೆಯ ಕುದಾಪುರದ ಸುತ್ತಲಿನ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹೋಯಿತು. ಅಲ್ಲಿ ಕುರಿ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟುವವರೆಗೆ ಆ ಹುಲ್ಲಿಗೂ ಒಂದು ಬೆಲೆಯಿದೆ ಎಂದು ಹೆಚ್ಚಿನವರಿಗೆ ತೋಚಿರಲಿಲ್ಲ. ಹುಲ್ಲು ನೋಡಲು ಸಾಗರ ದಾಟುವವರು ಊರಿನ ಹುಲ್ಲನ್ನು ಖರಾಬು ಎನ್ನುವುದು ಅವರ ತಪ್ಪಷ್ಟೇ ಅಲ್ಲ, ನಮಗೆಲ್ಲ ಕಲಿಸಿದ ಪಾಠದ ತಪ್ಪು. ಆದರೆ ತಪ್ಪು ತಪ್ಪೇ. ಆಫ್ರಿಕಾ ನೋಡಿದವರಿಗೆ ಅದನ್ನು ತಿದ್ದಿಕೊಳ್ಳಲು ಉಳಿದವರಿಗಿಂತ ಹೆಚ್ಚು ಅವಕಾಶವಿದೆ, ಹುಲ್ಲಿಗೆ ಎಷ್ಟು ಜೀವ ಹೊರುವ ಶಕ್ತಿಯಿದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಪ್ರೀತಿಯ ಮಾತಿಗೆ ಬರೋಣ. ಸಿಂಹವನ್ನು ಹತ್ತು ಮಾರು ದೂರದಿಂದ ನೋಡಿದ ಮಗುವಿನ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಬಹಳಷ್ಟು ಉಳಿಯುತ್ತದೆ. ಪ್ರಶ್ನೆ, ಉಳಿಯುವುದು ಏನು ಎಂಬುದು. ಜೀಪಿನಲ್ಲಿ ಕೂತ ಮಗುವಿಗೆ ಪ್ರಾಣಿಯಿಂದ ಯಾವ ನಷ್ಟವೂ ಇಲ್ಲ, ಯಾವ ಭಯವೂ ಇಲ್ಲ. ಅಪ್ಪ ಟಿಕೆಟ್ಟಿಗೆ ಕೊಟ್ಟದ್ದು ಬಿಟ್ಟರೆ ಯಾವ ಕೊಡುಕೊಳ್ಳುವಿಕೆಯೂ ಇಲ್ಲ. ಅಲ್ಲಿ ಹುಟ್ಟುವುದು ಮೆಚ್ಚುಗೆ. ಮೆಚ್ಚುಗೆ ಒಳ್ಳೆಯದೇ, ಆದರೆ ಸಹನೆ ಬೇರೆ. ಒಂದು ಕರು ಕಳೆದುಕೊಂಡ ಮೇಲೂ ಚಿರತೆಗೆ ವಿಷ ಇಡದಿರುವವನು ತೋರುವುದು ಸಹನೆ. ಅದಕ್ಕೆ ಬೆಲೆಯಿದೆ, ಆ ಬೆಲೆಯನ್ನು ಅವನೇ ತೆರುತ್ತಾನೆ. ಮೆಚ್ಚುಗೆ ತಾನೇ ತಾನಾಗಿ ಸಹನೆಯಾಗಿ ಮಾಗುತ್ತದೆ ಎಂದು ನಂಬಲು ಕಾರಣ ಕಾಣೆ. ಎರಡರ ನಡುವೆ ಒಂದು ಪಾಠ ಬೇಕು: ಈ ಪ್ರಾಣಿ ಯಾರ ನಡುವೆ ಬದುಕುತ್ತದೆ, ಅವರು ಏನು ಕಳೆದುಕೊಳ್ಳುತ್ತಾರೆ, ಯಾಕೆ ತಾಳಿಕೊಳ್ಳುತ್ತಾರೆ ಎಂಬ ಪಾಠ. ಅದಿಲ್ಲದೆ ಹೋದರೆ ಮಗು ಕಲಿಯುವುದು ಬೇರೆಯದೇ ನಿಯಮ: ಗೆರೆಯ ಆಚೆ ಇದ್ದರೆ ಪ್ರಾಣಿ ಚೆಂದ, ಗೆರೆಯ ಈಚೆ ಕಂಡರೆ ಅಪರಾಧಿ. ಬನ್ನೇರುಘಟ್ಟದಲ್ಲಿ 2024ರಲ್ಲಿ ಚಿರತೆ ಸಫಾರಿ ಆರಂಭವಾಯಿತು. ಇಲಾಖೆ ರಕ್ಷಿಸಿ ತಂದ ಚಿರತೆಗಳನ್ನು ಸುಮಾರು 20 ಹೆಕ್ಟೇರಿನ ಬೇಲಿಯೊಳಗೆ ಬಿಟ್ಟಿದ್ದಾರೆ. ಅಲ್ಲಿಗೆ ಬರುವ ಮಕ್ಕಳಿಗೆ ಅವು ಕಾಡಿನ ಚಿರತೆಗಳಂತೆ ಕಾಣುತ್ತವೆ. ಅವು ಯಾವ ಹೊಲದ ಅಂಚಿನಲ್ಲಿ ಹುಟ್ಟಿದವು, ತಾಯಿ ಏನಾಯಿತು ಎಂದು ಯಾರಾದರೂ ಹೇಳಿದರೆ ಅದು ಪಾಠವಾಗುತ್ತದೆ, ಇಲ್ಲದಿದ್ದರೆ ನೋಟ ಮಾತ್ರ.

ನಾಲ್ಕನೆಯದು ದುಡ್ಡಿನ ವಾದ. ಇದರಲ್ಲಿ ಸತ್ಯಾಂಶ ಹೆಚ್ಚಿದೆ, ಆದರೆ ಆ ಸತ್ಯ ತೋರಿಸುವ ದಿಕ್ಕು ಬೇರೆ. ಮಸಾಯಿ ಮಾರಾ ಮೀಸಲಿನ ಉತ್ತರಕ್ಕೂ ಪೂರ್ವಕ್ಕೂ ಇರುವ ನೆಲ ಮಸಾಯಿ ಕುಟುಂಬಗಳ ಸ್ವಂತ ಹಿಡುವಳಿ. ಆ ಕುಟುಂಬಗಳು ಒಟ್ಟುಗೂಡಿ ನೆಲವನ್ನು ಪ್ರವಾಸೋದ್ಯಮಿಗಳಿಗೆ ಗುತ್ತಿಗೆ ಕೊಡುತ್ತವೆ. ಪ್ರವಾಸಿ ಬರಲಿ ಬಿಡಲಿ, ಎಕರೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುತ್ತವೆ. ಬೇಲಿ ಹಾಕುವುದಿಲ್ಲ, ದನ ಮೇಯಿಸಲು ಸರದಿ ಕಟ್ಟಿಕೊಂಡಿವೆ. ಕಿಲಿಮಂಜಾರೋ ತಪ್ಪಲಿನ ಅಂಬೋಸೆಲಿ ಬಳಿಯ ಎಂಬಿರಿಕಾನಿಯಲ್ಲಿ 2003ರಿಂದ ಒಂದು ಪರಿಹಾರ ನಿಧಿಯಿದೆ. ಸಿಂಹ ದನ ಕೊಂದರೆ ಹಣ ಕೊಡುತ್ತಾರೆ. ದೊಡ್ಡಿ ಭದ್ರವಾಗಿರದಿದ್ದರೆ ಹಣ ಕಡಿಮೆ. ಯಾರಾದರೂ ಸೇಡಿಗೆ ಸಿಂಹ ಕೊಂದರೆ ಇಡೀ ಸಮುದಾಯದ ಪರಿಹಾರಕ್ಕೇ ಕುತ್ತು. ನೈರೋಬಿ ಉದ್ಯಾನದ ಅಂಚಿನ ಹುಡುಗ ರಿಚರ್ಡ್ ಟುರೆರೆ ಹನ್ನೊಂದನೆಯ ವಯಸ್ಸಿನಲ್ಲಿ, ಹಳೆಯ ಕಾರಿನ ಬ್ಯಾಟರಿಗೆ ಸೌರಫಲಕ ಜೋಡಿಸಿ ದೊಡ್ಡಿಯ ಸುತ್ತ ಮಿನುಗುವ ದೀಪ ಕಟ್ಟಿದ. ಯಾರೋ ಟಾರ್ಚು ಹಿಡಿದು ಓಡಾಡುತ್ತಿದ್ದಾರೆಂದು ಸಿಂಹಗಳು ದೂರ ಸರಿದವು. ಪ್ರವಾಸಿಯ ಹಣ ಪ್ರಾಣಿಯನ್ನು ಉಳಿಸುವುದು ಅದು ಪ್ರಾಣಿಯ ಪಕ್ಕದ ಮನೆಯವನಿಗೆ ತಲುಪಿದಾಗ. ಆಫ್ರಿಕಾದ ಬಯಲಿನಿಂದ ತರಬೇಕಾದ ಪಾಠ ಇದೇ. ಫೋನಿನ ಚಿತ್ರಗಳಲ್ಲಿ ಅದು ಸಿಗುವುದಿಲ್ಲ. ನಮ್ಮಲ್ಲಿ ಕಬಿನಿಯ ದಡದಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ 1980ರ ದಶಕದಿಂದ ಸಫಾರಿ ನಡೆಸಿಕೊಂಡು ಬಂದಿದೆ. ಅದರ ಸುತ್ತ ಖಾಸಗಿ ರೆಸಾರ್ಟುಗಳೂ ಬೆಳೆದಿವೆ. 2025ರ ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು, ಸಫಾರಿಯ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಸಫಾರಿಗೂ ಊರಿನ ಸಾವಿಗೂ ಸಂಬಂಧವಿದೆಯೋ ಇಲ್ಲವೋ ಎಂದು ಆಗ ದೊಡ್ಡ ಚರ್ಚೆ ನಡೆಯಿತು. ಆ ಚರ್ಚೆಯಲ್ಲಿ ಯಾರ ಪಕ್ಷ ಸರಿ ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಕಾಡಿನೊಳಗೆ ಹಣ ಕೊಟ್ಟು ಹುಲಿ ನೋಡುವವನೂ ಕಾಡಂಚಿನಲ್ಲಿ ಹತ್ತಿ ಬಿಡಿಸುವವನೂ ಒಂದೇ ವ್ಯವಹಾರದ ಎರಡು ಕಡೆಯವರು ಎಂಬುದನ್ನು ಅಂದು ಆಡಳಿತವೂ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

ಈಗ ನನ್ನ ವಾದದ ವಿರುದ್ಧ ಏಳುವ ಆಕ್ಷೇಪಗಳು. ಮೂರಕ್ಕೆ ಉತ್ತರ ಕೊಡಲೇಬೇಕು.

1. ‘ಮಗು ಸತ್ತ ಮನೆಗೆ ಹೋಗಿ ಇದನ್ನೆಲ್ಲ ಹೇಳುತ್ತೀರಾ?’ ಈ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದದ್ದು. 2019ರ ಕೊನೆಯಿಂದ 2020ರ ಆರಂಭದವರೆಗೆ ಹೆಬ್ಬೂರು, ಸಿ.ಎಸ್. ಪುರದ ಕಡೆಯ ಹಳ್ಳಿಗಳಲ್ಲಿ, ನಮ್ಮೂರಿನಿಂದ ತುಂಬ ದೂರವೇನಲ್ಲ, ಚಿರತೆ ದಾಳಿಗೆ ಮಕ್ಕಳೂ ಮುದುಕರೂ ಸತ್ತರು. ಆ ಮನೆಗಳಲ್ಲಿ ಸಹಬಾಳ್ವೆಯ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಮನುಷ್ಯರ ಮೇಲೆ ಬೀಳುವುದನ್ನು ರೂಢಿ ಮಾಡಿಕೊಂಡ ಚಿರತೆಯನ್ನು ಹಿಡಿಯಬೇಕು. ಬೇರೆ ದಾರಿ ಇಲ್ಲದಿದ್ದರೆ ಕೊಲ್ಲಬೇಕು. ಕಾಯ್ದೆಯೂ ಅದಕ್ಕೆ ಅವಕಾಶ ಕೊಡುತ್ತದೆ. ನನ್ನ ಮಾತು ಅಂಥ ಚಿರತೆಯ ಪರವಾಗಿಲ್ಲ. ಕಂಡ ಚಿರತೆಯನ್ನೆಲ್ಲ ಅದೇ ಸಾಲಿಗೆ ಸೇರಿಸುವ ತರ್ಕದ ವಿರುದ್ಧ. ನೂರು ರಾತ್ರಿ ತೋಟದಲ್ಲಿ ಹಾದುಹೋಗಿ ಯಾರನ್ನೂ ಮುಟ್ಟದ ಪ್ರಾಣಿಯೂ ಒಮ್ಮೆ ಸಿಸಿ ಕ್ಯಾಮೆರಾದಲ್ಲಿ ಕಂಡ ದಿನದಿಂದ ‘ಹಾವಳಿ’ಯಾಗುತ್ತದೆ.

2. ‘ಹಿಡಿದು ದೂರದ ಕಾಡಿಗೆ ಬಿಟ್ಟರೆ ಎರಡು ಕಡೆಗೂ ಒಳ್ಳೆಯದಲ್ಲವೇ?’ ಕೇಳಲು ಇದು ಅತ್ಯಂತ ದಯೆಯ ಪರಿಹಾರ. ಕೆಲಸ ಮಾಡಿದ್ದರೆ ನಾನೂ ಒಪ್ಪುತ್ತಿದ್ದೆ. ಪುಣೆಯ ಜುನ್ನರ್ ಭಾಗದಲ್ಲಿ 2001ರಿಂದ ಹೀಗೆ ಹಿಡಿದು ಹಿಡಿದು ಬೇರೆಡೆ ಬಿಟ್ಟ ವರ್ಷಗಳಲ್ಲಿ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಏರಿದವು. ಬಿಟ್ಟ ಜಾಗಗಳ ಸುತ್ತಲೂ ಹೊಸದಾಗಿ ದಾಳಿ ಶುರುವಾಯಿತು. ಕಾರಣ ಊಹೆಗೆ ನಿಲುಕದ್ದೇನಲ್ಲ. ಚಿರತೆಗೆ ತನ್ನದೆಂಬ ಒಂದು ಹದ್ದುಬಸ್ತಿನ ನೆಲವಿರುತ್ತದೆ. ಅದನ್ನು ಎತ್ತಿದರೆ ಆ ಜಾಗಕ್ಕೆ ಇನ್ನೊಂದು, ಹೆಚ್ಚಾಗಿ ಅನುಭವವಿಲ್ಲದ ಎಳೆಯದು, ಬರುತ್ತದೆ. ಎತ್ತಿ ಬಿಟ್ಟದ್ದು ಗುರುತಿಲ್ಲದ ನೆಲದಲ್ಲಿ ಗಾಬರಿಯಿಂದ ಅಲೆಯುತ್ತದೆ ಅಥವಾ ಹಿಂದಿರುಗಲು ಹೊರಡುತ್ತದೆ. 2009ರಲ್ಲಿ ಬಾವಿಗೆ ಬಿದ್ದಿದ್ದ ಒಂದು ಗಂಡು ಚಿರತೆಗೆ ಕೊರಳಪಟ್ಟಿ ಕಟ್ಟಿ ಮಾಳ್‌ಶೇಜ್ ಘಾಟಿನಲ್ಲಿ ಬಿಟ್ಟಾಗ ಅದು ಯಾರಿಗೂ ತೊಂದರೆ ಕೊಡದೆ ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿಯ ಉದ್ಯಾನ ಸೇರಿತು. ಮಾಯಸಂದ್ರದಲ್ಲಿ ಹಿಡಿದದ್ದನ್ನು ಬಂಡೀಪುರದಲ್ಲಿ ಬಿಟ್ಟರೆ ಗುಂಡ್ಲುಪೇಟೆಯ ರೈತನ ಹಿತ್ತಿಲಿಗೆ ನಮ್ಮ ಕಷ್ಟವನ್ನು ದಾಟಿಸಿದಂತೆ, ಅಷ್ಟೇ.

3. ‘ಆಫ್ರಿಕಾದಲ್ಲಿ ನೆಲವಿದೆ, ಪ್ರವಾಸಿಯಿದ್ದಾನೆ. ನಮ್ಮ ಎರಡೆಕರೆ ತೋಟಕ್ಕೆ ಯಾರು ಬಾಡಿಗೆ ಕೊಡುತ್ತಾರೆ?’ ಯಾರೂ ಕೊಡುವುದಿಲ್ಲ, ನಿಜ. ಚಿರತೆ ತೋರಿಸುವ ಸಫಾರಿಯನ್ನು ತುರುವೇಕೆರೆಯಲ್ಲಿ ಶುರುಮಾಡಬೇಕೆಂದು ನಾನು ಹೇಳುತ್ತಿಲ್ಲ, ಮಾಡಿದರೆ ಅನಾಹುತ. ಮಾರಾ, ಎಂಬಿರಿಕಾನಿಗಳಿಂದ ಕಲಿಯಬೇಕಾದ್ದು ಬಾಡಿಗೆಯನ್ನಲ್ಲ, ಲೆಕ್ಕಾಚಾರವನ್ನು: ನಷ್ಟ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಯಾಕೆ ಆಗುತ್ತದೆ ಎಂದು ಹುಡುಕಿ ಅಲ್ಲಿಗೇ ಹಣವನ್ನೂ ಶ್ರಮವನ್ನೂ ಹಾಕುವುದು.

ಆ ಲೆಕ್ಕಾಚಾರವನ್ನು ನಮ್ಮ ಸೀಮೆಗೆ ಹಚ್ಚಿ ನೋಡಿದರೆ ಉತ್ತರಗಳು ತೀರಾ ಸಾಮಾನ್ಯವಾಗಿ ಕಾಣುತ್ತವೆ. ಮನುಷ್ಯನೂ ಚಿರತೆಯೂ ಎದುರುಬದುರಾಗುವುದು ಕತ್ತಲಲ್ಲಿ. ರೈತ ಕತ್ತಲಲ್ಲಿ ತೋಟಕ್ಕೆ ಹೋಗುವುದು ಹೆಚ್ಚಾಗಿ ಮೋಟಾರು ಹಾಕಲು, ನೀರು ತಿರುಗಿಸಲು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿ ಬಂದರೆ ಅವನಿಗೆ ಬೇರೆ ದಾರಿಯಿಲ್ಲ. ಮಸಾಯಿ ಮಾರಾದಲ್ಲಿ ಹಗಲು ಹೊತ್ತೂ ಪ್ರವಾಸಿ ಜೀಪಿನಿಂದ ಕೆಳಗೆ ಕಾಲಿಡುವಂತಿಲ್ಲ. ನಮ್ಮ ರೈತ ನಡುರಾತ್ರಿ ಚಪ್ಪಲಿ ಮೆಟ್ಟಿ ಒಬ್ಬನೇ ನಡೆಯುತ್ತಾನೆ. ಹಗಲು ಕರೆಂಟು ಕೊಡುವುದು ವನ್ಯಜೀವಿ ಸಂರಕ್ಷಣೆಯ ಕೆಲಸ ಎಂದು ನಾವು ಯೋಚಿಸಿಯೇ ಇಲ್ಲ, ಆದರೆ ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಸಂರಕ್ಷಣಾ ಕೆಲಸ ನನಗೆ ಕಾಣುತ್ತಿಲ್ಲ. ಇನ್ನೊಂದು, ಕೋಳಿ ಅಂಗಡಿಯ ತ್ಯಾಜ್ಯವನ್ನು ಕೆರೆ ಏರಿಗೆ ಸುರಿಯುವ ರೂಢಿ: ಅದಕ್ಕೆ ನಾಯಿ ಸೇರುತ್ತವೆ, ನಾಯಿಗೆ ಚಿರತೆ. ಕುರಿ ರೊಪ್ಪಕ್ಕೂ ದನದ ಕೊಟ್ಟಿಗೆಗೂ ಮೇಲೆ ಮುಚ್ಚಿಗೆ, ಗಟ್ಟಿ ಬಾಗಿಲು ಹಾಕಿಸಲು ಪಂಚಾಯಿತಿಯಿಂದ ನೆರವು ಸಿಕ್ಕರೆ ಪರಿಹಾರಕ್ಕಾಗಿ ಓಡಾಡುವುದು ಅರ್ಧ ತಪ್ಪುತ್ತದೆ. ಕೊನೆಗೆ ಪಾಳುಬಿದ್ದ ತೋಟಗಳು. ಮಕ್ಕಳೆಲ್ಲ ನಗರ ಸೇರಿದ ಮನೆಗಳ ತೋಟದಲ್ಲಿ ಕಾಯಿ ಕೆಡವುವುದು ಬಿಟ್ಟರೆ ವರ್ಷಕ್ಕೊಮ್ಮೆಯೂ ಉಳುಮೆಯಿಲ್ಲ. ಮಟ್ಟೆ, ಗರಿ, ಲಂಟಾನ ಸೇರಿ ಆಳೆತ್ತರ ಬೆಳೆದಿವೆ. ಮನೆಯ ಹತ್ತಿರದ, ಶಾಲೆಯ ದಾರಿಯ ಬದಿಯ ಇಂಥ ಪೊದೆಯನ್ನು ತೆಗೆಸುವುದು ಆ ತೋಟದ ಯಜಮಾನರ ಹೊಣೆ. ಆಫ್ರಿಕಾಕ್ಕೆ ಹೋಗಿಬರುವ ಶಕ್ತಿಯಿರುವ ಮನೆಗಳು ಬಹುಪಾಲು ಇವೇ.

ಮಕ್ಕಳಿಗೆ ತೋರಿಸಲು ಇಲ್ಲಿ ಏನೂ ಇಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಮೀಸಲಾಗಿದೆ. ಚೀತಾ ಬೆನ್ನಟ್ಟುತ್ತಿದ್ದ ಓಟವನ್ನು ಈಗಲೂ ಅಲ್ಲಿ ನೋಡಬಹುದು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರಗಳು ಇವೆಯೆಂದು ಗೊತ್ತಾಗಿ 2019ರಲ್ಲಿ ಅದು ವನ್ಯಧಾಮವಾಯಿತು. ಅದೇ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಹಿಕ್ಕೆಯನ್ನೂ ವಾಸನೆಯನ್ನೂ ತಾಳಿಕೊಂಡು ಊರವರು ಕಾಯುತ್ತಾರೆ. ನಮ್ಮೂರಿನಿಂದ ನಾಗಮಂಗಲದ ದಾರಿಯಲ್ಲಿ ಸಿಗುವ ಆದಿಚುಂಚನಗಿರಿಯ ನವಿಲುಧಾಮ ಎಲ್ಲರಿಗೂ ಗೊತ್ತು. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಬೇಲಿ, ತೋಟಗಳಲ್ಲಿ ಕಾಡುಪಾಪ ಇದೆ. ಆಫ್ರಿಕಾದ ರಾತ್ರಿ ಸಫಾರಿಯಲ್ಲಿ ದೀಪ ಹಾಕಿ ತೋರಿಸುವ ಗಲಾಗೋ ಎಂಬ ದುಂಡುಗಣ್ಣಿನ ಪುಟ್ಟ ಪ್ರಾಣಿ ಈ ಕಾಡುಪಾಪದ ಹತ್ತಿರದ ನೆಂಟ. ಇವನ್ನು ನೋಡಲು ಗುಂಪುಗೂಡಿ ಹೋಗಿ ಬ್ಯಾಟರಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಮಾಟಮಂತ್ರದ ಹೆಸರಿನಲ್ಲಿ ಕಾಡುಪಾಪವನ್ನು ಹಿಡಿಯುವವರು ಇನ್ನೂ ಇದ್ದಾರೆ, ಜಾಗ ಸಾರಿದಷ್ಟೂ ಅದಕ್ಕೆ ಅಪಾಯ. ಅದು ಇದೆ ಎಂದು ಮಗುವಿಗೆ ಗೊತ್ತಿದ್ದರೆ ಸಾಕು, ಬೇಲಿಗೆ ಬೆಂಕಿ ಹಚ್ಚುವ ಮೊದಲು ಮಗು ಅಪ್ಪನನ್ನು ಕೇಳುತ್ತದೆ.

ಬೀಗರೂಟದ ಹಿರಿಯರಿಗೆ ನಾನು ಕೊಡುವ ಉತ್ತರ ಇದು. ಆಫ್ರಿಕಾಕ್ಕೆ ಹೋಗುವವರು ಹೋಗಿಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ಹೋದಾಗ ಒಂದು ಬೆಳಗನ್ನು ಸಿಂಹಕ್ಕೆ ಕೊಡದೆ ಮಸಾಯಿ ದೊಡ್ಡಿಗೆ ಕೊಡಿ. ಕಳೆದ ವರ್ಷ ಎಷ್ಟು ದನ ಹೋದವು, ಹಣ ಬಂತೇ, ಬೇಲಿ ಹೇಗೆ ಕಟ್ಟಿದಿರಿ ಎಂದು ಮಕ್ಕಳಿಂದಲೇ ಕೇಳಿಸಿ. ತಿರುಗಿ ಬಂದ ಮೇಲೆ ನಡೆಯುವ ಮೊದಲ ಗ್ರಾಮಸಭೆಗೆ ಬನ್ನಿ. ಪಂಪ್‌ಸೆಟ್ಟಿಗೆ ಹಗಲು ಹೊತ್ತು ತ್ರೀ ಫೇಸ್ ಕರೆಂಟು, ಕೆರೆ ಏರಿಯ ಮೇಲೆ ಕೋಳಿ ತ್ಯಾಜ್ಯ ಸುರಿಯದಂತೆ ತಡೆ, ಉಳಿದಿರುವ ಗೋಮಾಳದ ಹುಲ್ಲಿಗೆ ಕೈಹಚ್ಚದಂತೆ ಒಂದು ನಿರ್ಣಯ, ಈ ಮೂರನ್ನು ಕೇಳುವ ಅರ್ಜಿಗೆ ಬೋನು ಕೇಳುವ ಅರ್ಜಿಗಿಂತ ಮೊದಲು ಸಹಿ ಹಾಕಿ.